ಶೆಡ್ ತೆಗೆಸಿದರೂ ಮಹಡಿಯ ನಕ್ಷೆಗೆ ಮಂಜೂರಾತಿ ಸಿಗುತ್ತಿಲ್ಲ

ತಾರಸಿಮನೆ: ಇರುವ ಮನೆಯ ಮೇಲೆ ಒಂದು ಮಹಡಿ ಕಟ್ಟಲು ಸಲ್ಲಿಸಿದ ಅರ್ಜಿ, ‘ನಿವೇಶನದಲ್ಲಿ ವಲಯ ನಿಯಮದ ಉಲ್ಲಂಘನೆ ಬಾಕಿ ಇದೆ’ ಎಂಬ ಒಂದೇ ಸಾಲಿನ ಷರಾದೊಂದಿಗೆ ಮತ್ತೆ ವಾಪಸಾಗಿದೆ. ಪಕ್ಕದ ಸೆಟ್‌ಬ್ಯಾಕಿನಲ್ಲಿ, ಅಂದರೆ ಗಡಿಗೂ ಗೋಡೆಗೂ ನಡುವೆ ಖಾಲಿ ಬಿಡಬೇಕಾದ ಜಾಗದಲ್ಲಿ, ಇದ್ದ ಕಾರ್ ಶೆಡ್ಡನ್ನು ಕಂಬದ ಬುಡಸಮೇತ ಕೀಳಿಸಿದ್ದೇನೆ. ಇನ್ನೇನು ಬಾಕಿ ಎಂದು ಕೇಳಿದರೆ ‘ನೋಟಿಸ್ ನೋಡಿ’ ಎನ್ನುತ್ತಾರೆ. ಮೇಸ್ತ್ರಿ ಬೇರೆ ಕೆಲಸ ಹಿಡಿಯುವ ಮಾತಾಡುತ್ತಿದ್ದಾರೆ. ದಯವಿಟ್ಟು ದಾರಿ ತಿಳಿಸಿ.

ಅಳತೆಪಟ್ಟಿ: ಸೆಟ್‌ಬ್ಯಾಕನ್ನೇ ಮತ್ತೊಮ್ಮೆ ಅಳೆಸಿ ಸರ್. ಗಡಿಕಲ್ಲಿನಿಂದ ಗೋಡೆಯ ಹೊರಮೈವರೆಗೆ ಅಳೆಯಬೇಕು. ಕಾಂಪೌಂಡು ಗಡಿಯ ಮೇಲೆಯೇ ಇದೆ ಎಂದು ನಂಬಬೇಡಿ. ಹೊರಗಿನ ಗಿಲಾವಿನ ದಪ್ಪವೂ ಜಾಗ ತಿನ್ನುತ್ತದೆ.

ಕಲ್ಲುಕಂಬ: ಸಜ್ಜಾ ಎಷ್ಟು ಹೊರಚಾಚಿದೆ ಎಂಬುದನ್ನೂ ನೋಡಿ.

ಅಳತೆಪಟ್ಟಿ: ಸಜ್ಜಾಕ್ಕೆ ಬಹುತೇಕ ನಿಯಮಾವಳಿಗಳಲ್ಲಿ ಒಂದು ಮಿತಿಯವರೆಗೆ ವಿನಾಯಿತಿ ಇದೆ. ಸುಮ್ಮನೆ ಅವರನ್ನು ಗಾಬರಿಪಡಿಸಬೇಡಿ.

ಕಲ್ಲುಕಂಬ: ಮಿತಿಯವರೆಗೆ ಎಂದು ನೀವೇ ಹೇಳಿದಿರಿ. ಮಿತಿ ದಾಟಿದೆಯೇ ಎಂದು ನೋಡಲು ಹೇಳಿದ್ದು ತಪ್ಪೇ?

ನಕ್ಷೆಗಾರ್ತಿ: ಇಬ್ಬರೂ ದಯವಿಟ್ಟು ಸ್ವಲ್ಪ ತಾಳಿ. ತಾರಸಿಮನೆಯವರೇ, ನೋಟಿಸಿನಲ್ಲಿ ಯಾವ ಯಾವ ನಿಯಮದ ಸಂಖ್ಯೆ ನಮೂದಾಗಿದೆ? ಸೆಟ್‌ಬ್ಯಾಕ್ ಒಂದೇ ಉಲ್ಲಂಘನೆಯಲ್ಲ. ಕಟ್ಟಡದ ಬಳಕೆಯೂ (ವಾಸಕ್ಕೋ ಅಂಗಡಿಗೋ ಎಂಬುದು), ಒಟ್ಟು ನೆಲವಿಸ್ತೀರ್ಣವೂ ಇದರಲ್ಲಿ ಸೇರುತ್ತವೆ. ಉದಾಹರಣೆಗೆ, 150 ಚದರ ಮೀಟರ್ ನಿವೇಶನಕ್ಕೆ ಎಫ್‌ಎಆರ್ (ನಿವೇಶನದ ವಿಸ್ತೀರ್ಣಕ್ಕೆ ಹೋಲಿಸಿದರೆ ಕಟ್ಟಬಹುದಾದ ಒಟ್ಟು ನೆಲವಿಸ್ತೀರ್ಣದ ಅನುಪಾತ) 1.5 ಇದ್ದರೆ ಎಲ್ಲ ಅಂತಸ್ತುಗಳೂ ಸೇರಿ 225 ಚದರ ಮೀಟರ್ ದಾಟುವಂತಿಲ್ಲ.

ತಾರಸಿಮನೆ: ಎರಡು ಸಂಖ್ಯೆಗಳಿವೆ. ಮೊದಲನೆಯದು ಶೆಡ್ಡಿನದು. ಎರಡನೆಯದರ ಮುಂದೆ ‘ಬಳಕೆ’ ಎಂದಿದೆ. ಮುಂದಿನ ಕೋಣೆಯನ್ನು ಟೈಲರ್ ಅಂಗಡಿಗೆ ಬಾಡಿಗೆ ಕೊಟ್ಟಿದ್ದೇವೆ. ಮಹಡಿಗೂ ಅದಕ್ಕೂ ಏನು ಸಂಬಂಧ?

ನಕ್ಷೆಗಾರ್ತಿ: ಗಂಟು ಇರುವುದು ಅಲ್ಲೇ. ಪರವಾನಗಿ ಕೊಡುವವರು ಹೊಸ ಮಹಡಿಯನ್ನಷ್ಟೇ ಅಲ್ಲ, ಇಡೀ ನಿವೇಶನವನ್ನು ನೋಡುತ್ತಾರೆ. ವಲಯ ನಿಯಮ ಜಾರಿಗೆ ಬರುವ ಮೊದಲೇ ಅಂಗಡಿ ಇತ್ತು, ನಡುವೆ ನಿಂತಿಲ್ಲ ಎಂಬುದಕ್ಕೆ ದಾಖಲೆಯಿದ್ದರೆ ಅದನ್ನು ಉಳಿಸಿಕೊಳ್ಳಲು ಹಲವು ನಿಯಮಾವಳಿಗಳಲ್ಲಿ ಅವಕಾಶವಿದೆ. ಆದರೆ ಅಂಥ ಕಟ್ಟಡವನ್ನು ಹಿಗ್ಗಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿರುತ್ತದೆ. ದಾಖಲೆ ಇಲ್ಲದಿದ್ದರೆ ಷರತ್ತುಬದ್ಧ ಬಳಕೆಗೆ, ಅಂದರೆ ಆ ವಲಯದಲ್ಲಿ ನೇರವಾಗಿ ಅವಕಾಶವಿಲ್ಲದ ಬಳಕೆಗೆ ಷರತ್ತಿನ ಮೇಲೆ ಕೊಡುವ ಅನುಮತಿಗೆ, ಪ್ರತ್ಯೇಕ ಅರ್ಜಿ ಹಾಕಬೇಕು, ಇಲ್ಲವೇ ಕೋಣೆಯನ್ನು ಮತ್ತೆ ವಾಸಕ್ಕೆ ತಿರುಗಿಸಬೇಕು.

ಇನ್ನೊಂದು ಮಾತು: ಶೆಡ್ ಹೋಯಿತೆಂದ ಮಾತ್ರಕ್ಕೆ ಕಡತದಲ್ಲಿನ ಉಲ್ಲಂಘನೆ ಹೋಗುವುದಿಲ್ಲ. ಮರುಪರಿಶೀಲನೆಗೆ ಲಿಖಿತವಾಗಿ ಕೋರಿ, ಪ್ರಕರಣ ಮುಕ್ತಾಯವಾಯಿತೆಂಬ ಪತ್ರ ಪಡೆದು, ಈಗಿರುವ ಸ್ಥಿತಿಯನ್ನೇ ತೋರಿಸುವ ಹೊಸ ನಕ್ಷೆಯೊಂದಿಗೆ ಲಗತ್ತಿಸಿ. ಹಳೆಯ ನಕ್ಷೆಯಲ್ಲಿ ಶೆಡ್ಡಿನ ಗೆರೆ ಉಳಿದಿದ್ದರೂ ಅರ್ಜಿ ವಾಪಸಾಗುತ್ತದೆ.

ಅಳತೆಪಟ್ಟಿ: ಹೊಸ ನಕ್ಷೆ ಮಾಡಿಸುವಾಗ ಗಡಿಕಲ್ಲಿನಿಂದಲೇ ಅಳೆಸಿ. ನನ್ನ ಮಾತು ಈಗಲೂ ಅದೇ.

ತಾರಸಿಮನೆ: ನಕ್ಷೆಯಲ್ಲಿ ಶೆಡ್ ಇನ್ನೂ ಇದೆ. ಟೈಲರ್ ಅವರ ಬಾಡಿಗೆ ಕರಾರು ಮುಗಿಯಲು ಸಮಯವಿದೆ, ಅವರನ್ನು ಎಬ್ಬಿಸಲು ನನಗೆ ಮನಸ್ಸಿಲ್ಲ. ಷರತ್ತುಬದ್ಧ ಬಳಕೆಯ ಅರ್ಜಿ ಇತ್ಯರ್ಥವಾಗುವ ಮೊದಲೇ ಮಹಡಿಯ ಅರ್ಜಿ ಸಲ್ಲಿಸಬಹುದೇ?

ನಕ್ಷೆಗಾರ್ತಿ: ಬೇಡ. ಬಳಕೆಯ ಆದೇಶ ಕೈಸೇರಿದ ಮೇಲೆಯೇ ಸಲ್ಲಿಸಿ.