ಗೊರಿಲ್ಲಾ ನೋಡಲು ಜುಲೈ ಸರಿಯಾ?

ತೋಟದಮನೆ: ನಾನು, ಹೆಂಡತಿ, 13 ವರ್ಷದ ಮಗ ಉಗಾಂಡಾಕ್ಕೆ ಹೋಗಬೇಕು ಅಂತಿದ್ದೇವೆ. ಡಿಸೆಂಬರ್ ಆದರೆ ಕಾಫಿ ಕೊಯ್ಲು, ತೋಟ ಬಿಟ್ಟು ಹೊರಡಲು ಆಗುವುದಿಲ್ಲ. ಜುಲೈ ಸರಿಯಾ? ನಮ್ಮಲ್ಲಿ ಹೇಗೂ ಜಡಿಮಳೆ.

ವಿರಾಜಪೇಟೆ ಅಕ್ಕ: ಜುಲೈ ಒಳ್ಳೆಯದೇ, ಅಲ್ಲಿ ಆಗ ಮಳೆ ಕಡಿಮೆ. ಆದರೆ 15 ತುಂಬದವರನ್ನು ಗೊರಿಲ್ಲಾ ಹತ್ತಿರ ಬಿಡುವುದಿಲ್ಲ, ಗೊತ್ತಲ್ವಾ? ಪರ್ಮಿಟ್ ಉಗಾಂಡಾದಲ್ಲಿ ತಲೆಗೆ 800 ಡಾಲರ್, ರುವಾಂಡಾದಲ್ಲಿ 1500, ಅಷ್ಟು ಕೊಟ್ಟರೂ ಅವುಗಳ ಜೊತೆ ಇರುವುದು ಒಂದೇ ಗಂಟೆ!

ಜಿಗಣೆಮಿತ್ರ: ಉಗಾಂಡಾದಲ್ಲಿ ಗೊರಿಲ್ಲಾ ಇರುವ ಬ್ವಿಂಡಿ ಕಾಡು ಸುಮ್ನೆ ಅಲ್ಲ, ಕಡಿದಾದ ಏರು, ಕೆಸರು. ಮೊದಲು ತಡಿಯಂಡಮೋಳ್ ಎರಡು ಸಲ ಹತ್ತಿ ನೋಡಿ. ನೆಗಡಿ ಇದ್ದರೆ ಹೋಗಲೇಬಾರದು, ನಮ್ಮ ಕಾಯಿಲೆ ಅವಕ್ಕೂ ಅಂಟುತ್ತದೆ. ಯೆಲ್ಲೋ ಫೀವರ್ ಲಸಿಕೆ 10 ದಿನ ಮೊದಲೇ ಹಾಕಿಸಿಕೊಳ್ಳಿ.

ತೋಟದಮನೆ: ಅಯ್ಯೋ, ಮಗನಿಗೆ ಹೇಗೆ ಹೇಳಲಿ ಅಕ್ಕ? ಎರಡು ವರ್ಷ ಕಾಯುತ್ತೇವೆ, ಅಷ್ಟರಲ್ಲಿ ಮೆಣಸಿಗೆ ರೇಟು ಬಂದರೆ ದುಡ್ಡೂ ಸೇರುತ್ತದೆ.