ಒಂದೇ ಇಂಗ್ಲಿಷ್ ಪದ ನಾಮಪದವೂ ಕ್ರಿಯಾಪದವೂ ಆದಾಗ ಗುರುತಿಸುವುದು ಹೇಗೆ?

ಪ್ರಶ್ನೆ (ಸಂಜೆಪಾಠ, ರಾಜಾಜಿನಗರ)

ಸಂಜೆ ಹೊತ್ತು ಕನ್ನಡ ಮಾಧ್ಯಮದ ಕೆಲವು ಪ್ರೌಢಶಾಲಾ ಮಕ್ಕಳಿಗೆ ನಮ್ಮ ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಪರ್ಮಿಟ್, ರೆಕಾರ್ಡ್, ಪಾರ್ಕ್, ಯೂಸ್ ಮೊದಲಾದ ಪದಗಳು ಒಂದು ವಾಕ್ಯದಲ್ಲಿ ನಾಮಪದವಾಗಿಯೂ ಮತ್ತೊಂದರಲ್ಲಿ ಕ್ರಿಯಾಪದವಾಗಿಯೂ ಬಂದಾಗ ಅವರು ತಡವರಿಸುತ್ತಾರೆ. ಆಟೊ ಪರ್ಮಿಟ್ ಎಂಬ ಮಾತನ್ನು ದಿನವೂ ಕೇಳುವ ಹುಡುಗನೊಬ್ಬ ‘ದೆ ಡು ನಾಟ್ ಪರ್ಮಿಟ್ ಪಾರ್ಕಿಂಗ್ ಹಿಯರ್’ ಎಂಬ ವಾಕ್ಯಕ್ಕೆ ‘ಇಲ್ಲಿ ಅವರ ಹತ್ತಿರ ಪಾರ್ಕಿಂಗ್ ಪರ್ಮಿಟ್ ಇಲ್ಲ’ ಎಂದು ಅರ್ಥ ಹೇಳಿದ. ಗುರುತಿಸಲು ನಂಬಬಹುದಾದ ನಿಯಮವೇನಾದರೂ ಇದೆಯೇ? ಕೆಲವು ಪದಗಳ ಉಚ್ಚಾರಣೆ ಮಾತ್ರ ಬದಲಾಗುವುದೇಕೆ?

ಉತ್ತರ (ಪದಶೋಧಕ)

ಪದವನ್ನು ಒಂಟಿಯಾಗಿ ಹಿಡಿದು ನೋಡಿದರೆ ಉತ್ತರ ಸಿಗುವುದಿಲ್ಲ. ಅದರ ಅಕ್ಕಪಕ್ಕ ನೋಡಬೇಕು. ಹಿಂದೆ ‘ಎ’, ‘ದ’, ‘ಮೈ’, ‘ದಿಸ್’ ಇದ್ದರೆ ಅಲ್ಲೊಂದು ನಾಮಪದ ಬರಲಿದೆ ಎಂದೂ, ‘ಟು’, ‘ಕ್ಯಾನ್’, ‘ವಿಲ್’, ‘ಡು ನಾಟ್’ ಇದ್ದರೆ ಬಹುತೇಕ ಕ್ರಿಯಾಪದ ಬರಲಿದೆ ಎಂದೂ ಮಕ್ಕಳಿಗೆ ಹೇಳಬಹುದು. ‘ಟು’ ಮಾತ್ರ ಕೈಕೊಡುವುದುಂಟು, ಏಕೆಂದರೆ ‘ಟು ವರ್ಕ್’ ಎಂಬುದು ‘ಕೆಲಸ ಮಾಡಲು’ ಎಂದೂ ಆಗಬಹುದು, ‘ಕೆಲಸಕ್ಕೆ’ ಎಂದೂ ಆಗಬಹುದು.

ನಿಜವಾದ ಕಷ್ಟ ಇರುವುದು ಈ ಚಿಕ್ಕ ಪದಗಳನ್ನೆಲ್ಲ ಕೈಬಿಡುವ ಪತ್ರಿಕಾ ಶೀರ್ಷಿಕೆಗಳಲ್ಲಿ. ‘ಸಿಟಿ ಪ್ಲಾನ್ಸ್ ಫೇಸ್ ಕಟ್ಸ್’ ಎಂಬ ಶೀರ್ಷಿಕೆಯನ್ನು ಊಹಿಸಿಕೊಳ್ಳಿ. ಇಲ್ಲಿ ‘ಸಿಟಿ’ಯನ್ನು ಬಿಟ್ಟು ಉಳಿದ ಮೂರೂ ಪದಗಳು ಎರಡೂ ವರ್ಗಕ್ಕೆ ಸಲ್ಲುತ್ತವೆ. ‘ಪ್ಲಾನ್ಸ್’ ಅನ್ನು ಕ್ರಿಯಾಪದವೆಂದುಕೊಂಡರೆ ನಗರವು ಯಾರದೋ ಮುಖದ ಮೇಲೆ ಗಾಯ ಮಾಡುವ ಯೋಜನೆಯಲ್ಲಿದೆ ಎಂಬ ಅರ್ಥ ಬಂದುಬಿಡುತ್ತದೆ. ‘ಪ್ಲಾನ್ಸ್’ ಬಹುವಚನದ ನಾಮಪದವೆಂದು ಹಿಡಿದಾಗಲೇ ‘ಫೇಸ್’ ಕ್ರಿಯಾಪದವಾಗಿ ಒದಗಿ, ನಗರದ ಯೋಜನೆಗಳಿಗೆ ಅನುದಾನ ಕಡಿತದ ಆತಂಕವಿದೆ ಎಂಬ ಸರಿಯಾದ ಅರ್ಥ ಹೊರಡುತ್ತದೆ.

ಉತ್ತರ (ಜಯನಗರದ ಮೇಷ್ಟ್ರು)

ಉಚ್ಚಾರಣೆಯ ಬಗ್ಗೆ ಹೇಳುವುದಾದರೆ, ಲ್ಯಾಟಿನ್ ಮತ್ತು ಫ್ರೆಂಚ್ ಮೂಲದ ಅನೇಕ ಎರಡು ಉಚ್ಚಾರಾಂಶದ ಪದಗಳಲ್ಲಿ ನಾಮಪದವಾದಾಗ ಮೊದಲ ಭಾಗದ ಮೇಲೂ ಕ್ರಿಯಾಪದವಾದಾಗ ಎರಡನೆಯ ಭಾಗದ ಮೇಲೂ ಸ್ವರಭಾರ ಬೀಳುತ್ತದೆ. ಭಾರ ಜಾರಿದಾಗ ಸ್ವರವೂ ಬದಲಾಗುವುದರಿಂದ ಕನ್ನಡ ಲಿಪಿಯಲ್ಲೇ ಇದನ್ನು ತಕ್ಕಮಟ್ಟಿಗೆ ತೋರಿಸಬಹುದು: ನಾಮಪದ ‘ರೆಕಾರ್ಡ್’, ಕ್ರಿಯಾಪದ ‘ರಿಕಾರ್ಡ್’, ನಾಮಪದ ‘ಪ್ರೆಜೆಂಟ್’, ಕ್ರಿಯಾಪದ ‘ಪ್ರಿಜೆಂಟ್’. ಆದರೆ ರಿಪೋರ್ಟ್, ಕಂಟ್ರೋಲ್, ಸಪೋರ್ಟ್ ಪದಗಳಲ್ಲಿ ಎರಡೂ ರೂಪಕ್ಕೆ ಭಾರ ಕೊನೆಯಲ್ಲಿಯೇ ಇರುತ್ತದೆ. ಆನ್ಸರ್, ಪ್ರಾಮಿಸ್, ವಿಸಿಟ್ ಪದಗಳಲ್ಲಿ ಮೊದಲಲ್ಲೇ ಇರುತ್ತದೆ. ಹೀಗಾಗಿ ಇದನ್ನು ನಿಯಮವೆನ್ನುವುದಕ್ಕಿಂತ ಒಲವು ಎನ್ನುವುದೇ ಸರಿ. ‘ಯೂಸ್’ ಪದದ ಕಥೆ ಬೇರೆ. ಅಲ್ಲಿ ಕೊನೆಯ ವ್ಯಂಜನ ಬದಲಾಗಿ, ಕ್ರಿಯಾಪದವು ‘ಯೂಜ್’ ಎಂದು ಕೇಳಿಸುತ್ತದೆ. ಹೌಸ್, ಎಕ್ಸ್‌ಕ್ಯೂಸ್ ಪದಗಳೂ ಇದೇ ಗುಂಪಿನವು.

ಉತ್ತರ (ನಡೆನುಡಿ)

ಆ ಹುಡುಗ ಹೇಳಿದ ಅರ್ಥದ ಹಿಂದೆ ಕನ್ನಡದ ವ್ಯಾಕರಣವೇ ಇದೆ ಎಂದು ನನಗೆ ತೋರುತ್ತದೆ. ನಾವು ಇಂಗ್ಲಿಷ್ ಪದವನ್ನು ಕನ್ನಡಕ್ಕೆ ತರುವಾಗ, ಮೂಲದಲ್ಲಿ ಅದು ಏನೇ ಆಗಿರಲಿ, ಮೊದಲು ನಾಮಪದದಂತೆ ಕೂರಿಸಿಕೊಂಡು ಕೆಲಸವನ್ನು ನಮ್ಮದೇ ಧಾತುವಿಗೆ ಒಪ್ಪಿಸುತ್ತೇವೆ. ಕಾಲ್ ಮಾಡುತ್ತೇವೆ, ಬ್ರೇಕ್ ಹಾಕುತ್ತೇವೆ, ಪರೀಕ್ಷೆ ಪಾಸಾಗುತ್ತೇವೆ, ಬಸ್ ಪಾಸ್ ಮಾಡಿಸುತ್ತೇವೆ. ಬೆಂಗಳೂರಿನ ಆಟೊದವರಂತೂ ಯೂ ಟರ್ನ್ ಹೊಡೆಯುತ್ತಾರೆ. ‘ಕಬ್ಬನ್ ಪಾರ್ಕಿನ ಹತ್ತಿರ ಪಾರ್ಕ್ ಮಾಡು’ ಎಂಬ ವಾಕ್ಯದಲ್ಲಿ ಮೊದಲ ಪದ ವಿಭಕ್ತಿ ಹಚ್ಚಿಕೊಂಡಿದೆ, ಎರಡನೆಯದು ‘ಮಾಡು’ವಿನ ಆಸರೆಯಲ್ಲಿದೆ, ಆದ್ದರಿಂದ ಯಾರಿಗೂ ಗೊಂದಲವಾಗುವುದಿಲ್ಲ. ಈ ಅಭ್ಯಾಸವಿರುವ ಮಗುವಿಗೆ ಆಸರೆಯಿಲ್ಲದೆ ನಿಂತ ‘ಪರ್ಮಿಟ್’ ನಾಮಪದವಾಗಿಯೇ ಕಾಣುವುದು ಸಹಜ. ಪ್ರತಿ ಕ್ರಿಯಾಪದದ ಪಕ್ಕದಲ್ಲೂ ಕಾಣದ ಒಂದು ‘ಮಾಡು’ವನ್ನು ಸೇರಿಸಿ ಓದಿ ನೋಡಲು ಹೇಳಿ, ಅರ್ಥ ಕೂಡಿದರೆ ಅದು ಕ್ರಿಯಾಪದ.

ಇಂಥ ಪದಗಳು ನಮ್ಮಲ್ಲಿಯೂ ಇವೆ: ನಡೆ, ನುಡಿ, ಓದು, ನಗು, ಕೆಮ್ಮು, ಬೆವರು. ‘ಆ ಹಾಡು ಹಾಡು’ ಎಂದಾಗ ಮೊದಲನೆಯದು ನಾಮಪದ, ಎರಡನೆಯದು ಆಜ್ಞೆ. ಆದರೆ ‘ಹಾಡನ್ನು’, ‘ಹಾಡಿದಳು’ ಎಂದೊಡನೆ ಪ್ರತ್ಯಯವು ದಾರಿಗಳನ್ನು ಬೇರೆ ಮಾಡಿಬಿಡುತ್ತದೆ. ಇಂಗ್ಲಿಷಿಗೂ ಒಂದು ಕಾಲದಲ್ಲಿ ಈ ಅನುಕೂಲವಿತ್ತು. ಹಳೆಯ ಇಂಗ್ಲಿಷಿನಲ್ಲಿ ಪ್ರೀತಿಗೆ ‘ಲುಫು’ ಎಂದೂ ಪ್ರೀತಿಸುವುದಕ್ಕೆ ‘ಲುಫಿಯನ್’ ಎಂದೂ ಬೇರೆ ರೂಪಗಳಿದ್ದವು. ಮುಂದಿನ ಶತಮಾನಗಳಲ್ಲಿ ಪ್ರತ್ಯಯಗಳು ಸವೆದುಹೋಗಿ ಎರಡಕ್ಕೂ ‘ಲವ್’ ಒಂದೇ ಉಳಿಯಿತು.

ಉತ್ತರ (ಶುದ್ಧಪಾಠ)

ಇದೆಲ್ಲ ಒಪ್ಪಬಹುದು, ಆದರೆ ಈಗ ಕಚೇರಿಗಳಲ್ಲಿ ಸಿಕ್ಕ ಸಿಕ್ಕ ನಾಮಪದವನ್ನೆಲ್ಲ ಕ್ರಿಯಾಪದ ಮಾಡುತ್ತಿದ್ದಾರೆ. ‘ಇಂಪ್ಯಾಕ್ಟ್’ ಎಂಬುದನ್ನು ಕ್ರಿಯಾಪದವಾಗಿ ಕೇಳಿದರೆ ನನಗೆ ಕಿರಿಕಿರಿಯಾಗುತ್ತದೆ. ಮಕ್ಕಳಿಗಾದರೂ ಸರಿಯಾದ ಭಾಷೆಯನ್ನು ಕಲಿಸಬೇಡವೇ?

ಉತ್ತರ (ಜಯನಗರದ ಮೇಷ್ಟ್ರು)

ಈ ಕಿರಿಕಿರಿ ಹಳೆಯದು. ಬೆಂಜಮಿನ್ ಫ್ರಾಂಕ್ಲಿನ್ 1789ರಲ್ಲಿ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಬರೆದ ಪತ್ರದಲ್ಲಿ ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಎಂಬ ನಾಮಪದಗಳನ್ನು ಕ್ರಿಯಾಪದ ಮಾಡಿಕೊಂಡಿರುವುದನ್ನು ಆಕ್ಷೇಪಿಸಿದ್ದರು. ಈಗ ಆ ಮೂರನ್ನೂ ಯಾರೂ ತಪ್ಪೆನ್ನುವುದಿಲ್ಲ. ‘ಗೂಗಲ್’ ಎಂಬ ಕ್ರಿಯಾಪದವನ್ನು ಆಕ್ಸ್‌ಫರ್ಡ್ ನಿಘಂಟು 2006ರಲ್ಲಿ ಸೇರಿಸಿಕೊಂಡಿತು, ಕನ್ನಡದಲ್ಲಿಯೂ ಕೆಲವರು ‘ಗೂಗಲಿಸು’ ಎಂದು ಬರೆಯುತ್ತಿದ್ದಾರೆ. ಆದರೂ ಪರೀಕ್ಷೆಯಲ್ಲಿ ಆ ಮಕ್ಕಳು ‘ಇಂಪ್ಯಾಕ್ಟ್’ ಬದಲು ‘ಅಫೆಕ್ಟ್’ ಎಂದು ಬರೆಯುವುದೇ ಸದ್ಯಕ್ಕೆ ಕ್ಷೇಮ. ಮೌಲ್ಯಮಾಪಕರು ಫ್ರಾಂಕ್ಲಿನ್ ಪಕ್ಷದವರಾಗಿದ್ದರೆ ಅಂಕ ಹೋಗುವುದು ಮಕ್ಕಳದ್ದು.