ಭಯೋತ್ಪಾದನೆ: ಅಮೆರಿಕದ ಧೋರಣೆ, ಯುರೋಪಿನ ಧೋರಣೆ – ಸೆಮಿನಾರ್‌ಗೆ ತಯಾರಿ ಹೇಗೆ?

ಪ್ರಶ್ನೆ

ಎಂ.ಎ. ರಾಜ್ಯಶಾಸ್ತ್ರ, ಕೊನೇ ಸೆಮಿಸ್ಟರ್. ಭಯೋತ್ಪಾದನೆಯ ಅಪಾಯವನ್ನು ಅಮೆರಿಕ ಮತ್ತು ಯುರೋಪ್ ಯಾಕೆ ಬೇರೆ ಬೇರೆಯಾಗಿ ನೋಡುತ್ತವೆ ಅನ್ನೋದು ನನಗೆ ಬಂದಿರೋ ವಿಷಯ. 20 ನಿಮಿಷ ಮಾತು, ಆಮೇಲೆ 15 ಪುಟದ ಪ್ರಬಂಧ. ಎಲ್ಲಿ ಹುಡುಕಿದರೂ "ಅಮೆರಿಕ ಬಿಗಿ, ಯುರೋಪ್ ಸಡಿಲ" ಅನ್ನೋ ಒಂದೇ ಮಾತು ಸಿಗ್ತಿದೆ. ಹೇಗೆ ಕಟ್ಟಬೇಕು, ಯಾವ ಪ್ರಕರಣ ತಗೋಬೇಕು, ಅಂಕಿಅಂಶ ಎಲ್ಲಿಂದ, ಪ್ರಶ್ನೋತ್ತರದಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳೋದು? ಇದನ್ನು ಓದಿದವರು, ಪಾಠ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಅಂತರರಾಷ್ಟ್ರೀಯ ಸಂಬಂಧ ಪಾಠ ಹೇಳುವವರು)

ಮೊದಲು ಪ್ರಶ್ನೆಯನ್ನೇ ಸರಿಮಾಡಿಕೊಳ್ಳಿ. ಯಾರಿಗೆ ಭಯ ಹೆಚ್ಚು, ಯಾರಿಗೆ ಕಡಿಮೆ ಅಂತ ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ಎರಡೂ ಕಡೆಯವರು ಇದನ್ನು ದೊಡ್ಡ ಅಪಾಯ ಅಂತಲೇ ಕಂಡರು. ಬೇರೆಯಾದದ್ದು ಅದನ್ನು ಯಾವ ಖಾತೆಗೆ ಬರೆದುಕೊಂಡರು ಅನ್ನೋದರಲ್ಲಿ. ಅಮೆರಿಕ ಯುದ್ಧದ ಖಾತೆಗೆ ಬರೆಯಿತು, ಯುರೋಪಿನ ಬಹುತೇಕ ದೇಶಗಳು ಅಪರಾಧದ ಖಾತೆಗೆ ಬರೆದವು. ಸೈನ್ಯವೋ ಪೊಲೀಸೋ, ಸೇನೆಯೇ ವಿಚಾರಣೆ ನಡೆಸುವ ಮಿಲಿಟರಿ ಆಯೋಗವೋ ಮಾಮೂಲಿ ಕೋರ್ಟೋ, ಮಾಹಿತಿ ಯಾರ ಕೈಗೆ ಹೋಗಬೇಕು ಅನ್ನೋದೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ದಾಳಿಕೋರರನ್ನು ಬಿಟ್ಟು ಸತ್ತವರು 2,977. ಮರುದಿನವೇ ಅಮೆರಿಕ–ಯುರೋಪ್ ದೇಶಗಳ ಸೇನಾಕೂಟ ನೇಟೊ, ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುವ ತನ್ನ 5ನೇ ವಿಧಿಯನ್ನು ಮೊಟ್ಟಮೊದಲ ಸಲ ಬಳಸಿತು. ಅಂದರೆ ಶುರುವಿನಲ್ಲಿ ಯುರೋಪ್ ಅಮೆರಿಕದ ಜೊತೆಗೇ ಇತ್ತು, ಇದನ್ನು ಹೇಳದೆ ಮುಂದೆ ಹೋಗಬೇಡಿ. ಸೆಪ್ಟೆಂಬರ್ 18ಕ್ಕೆ ಸೇನಾಬಲ ಬಳಸುವ ಅಧಿಕಾರದ ನಿರ್ಣಯಕ್ಕೆ ಬುಷ್ ಸಹಿ ಹಾಕಿದರು. ಅಕ್ಟೋಬರ್ 26ಕ್ಕೆ ಕಣ್ಗಾವಲು, ತನಿಖೆಯ ಅಧಿಕಾರ ಹಿಗ್ಗಿಸಿದ ಪೇಟ್ರಿಯಟ್ ಆಕ್ಟ್ ಬಂತು, ಸೆನೆಟ್‌ನಲ್ಲಿ ಅದರ ವಿರುದ್ಧ ಬಿದ್ದದ್ದು ಒಂದೇ ಮತ. 2002ರ ಜನವರಿ 11ಕ್ಕೆ ಕ್ಯೂಬಾದಲ್ಲಿರುವ ಅಮೆರಿಕದ ಸೇನಾನೆಲೆ ಗ್ವಾಂಟನಾಮೊಗೆ ಮೊದಲ ಕೈದಿಗಳು ಬಂದರು. ಅದೇ ವರ್ಷ ಜೂನ್ 13ರಂದು ಯುರೋಪಿಯನ್ ಒಕ್ಕೂಟ ಎರಡು ಕಾನೂನು ಮಾಡಿತು. ಒಂದರಲ್ಲಿ ಭಯೋತ್ಪಾದನಾ ಅಪರಾಧಕ್ಕೆ ಎಲ್ಲ ಸದಸ್ಯ ದೇಶಗಳಿಗೂ ಹೊಂದುವ ವ್ಯಾಖ್ಯೆ, ಇನ್ನೊಂದರಲ್ಲಿ ಯುರೋಪಿಯನ್ ಅರೆಸ್ಟ್ ವಾರಂಟ್, ಅಂದರೆ ಒಂದು ಸದಸ್ಯ ದೇಶದ ಬಂಧನ ವಾರಂಟ್ ಮೇಲೆ ಇನ್ನೊಂದು ದೇಶ ಆರೋಪಿಯನ್ನು ಹಿಡಿದು ಒಪ್ಪಿಸುವ ವ್ಯವಸ್ಥೆ. ಈ ಎರಡು ಸಾಲು ದಿನಾಂಕ ಒಂದೇ ಸ್ಲೈಡ್‌ನಲ್ಲಿದ್ದರೆ ವಾದದ ಅರ್ಧ ಅಲ್ಲೇ ಬಂದಂತೆ.

ಕಾರಣಕ್ಕೆ ಹಿಂದಿನ ಚರಿತ್ರೆ ಬೇಕೇ ಬೇಕು. ಸ್ಪೇನಿಗೆ ಬಾಸ್ಕ್ ಪ್ರತ್ಯೇಕತಾವಾದಿಗಳ ಇಟಿಎ, ಬ್ರಿಟನ್ನಿಗೆ ಐರಿಶ್ ಸಶಸ್ತ್ರ ಗುಂಪು ಐಆರ್‌ಎ, ಜರ್ಮನಿಗೆ ಎಡಪಂಥೀಯ ಉಗ್ರರ ರೆಡ್ ಆರ್ಮಿ ಫ್ರಾಕ್ಷನ್, ಇಟಲಿಗೆ ಅಂಥದೇ ರೆಡ್ ಬ್ರಿಗೇಡ್ಸ್ ಜೊತೆ ದಶಕಗಳ ಅನುಭವ ಇತ್ತು. 1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ವಿಚಾರಣೆ ಇಲ್ಲದೆ ಜನರನ್ನು ಒಳಗೆ ಹಾಕಿದ್ದು ಐಆರ್‌ಎಗೇ ಹೊಸಬರನ್ನು ಸೇರಿಸಿಕೊಟ್ಟಿತು. ಗ್ವಾಂಟನಾಮೊ ಸುದ್ದಿ ಕೇಳಿದಾಗ ಯುರೋಪಿನ ಅಧಿಕಾರಿಗಳಿಗೆ ನೆನಪಾದದ್ದು ಇಂಥದ್ದೇ.

ಉತ್ತರ 2 (ಕ್ರಿಮಿನಲ್ ಕಾನೂನು)

ಹತ್ತು ಪ್ರಕರಣ ಹೆಸರಿಸುವ ಬದಲು ಒಂದನ್ನು ಪೂರ್ತಿ ಬಿಡಿಸಿ. ನನ್ನ ಆಯ್ಕೆ ಹ್ಯಾಂಬರ್ಗ್‌ನ ಮುನೀರ್ ಅಲ್ ಮೊತಸ್ಸಾದಿಕ್ ಪ್ರಕರಣ, ಯಾಕಂದ್ರೆ ಅದರಲ್ಲಿ ಎರಡು ವ್ಯವಸ್ಥೆಗಳೂ ಒಂದೇ ಕಡತದೊಳಗೆ ಡಿಕ್ಕಿ ಹೊಡೆಯುತ್ತವೆ.

ಈತ 9/11ರ ಪೈಲಟ್ ಮೊಹಮ್ಮದ್ ಅತ್ತಾನ ಗುಂಪಿಗೆ ಹ್ಯಾಂಬರ್ಗ್‌ನಲ್ಲಿ ನೆರವಾದವನು ಅನ್ನೋದು ಆರೋಪ. 2003ರ ಫೆಬ್ರುವರಿಯಲ್ಲಿ 15 ವರ್ಷ ಶಿಕ್ಷೆಯಾಯಿತು, ಆ ದಾಳಿಗೆ ಸಂಬಂಧಪಟ್ಟು ಜಗತ್ತಿನಲ್ಲೇ ಮೊದಲ ಶಿಕ್ಷೆ ಅದು. ಅವನ ಪರ ವಕೀಲರು ಕೇಳಿದ್ದು ಅದೇ ಹ್ಯಾಂಬರ್ಗ್ ಗುಂಪಿನ ರಮ್ಜಿ ಬಿನ್ ಅಲ್‌ಶಿಬ್‌ನ ಸಾಕ್ಷ್ಯ. ಅವನು ಆಗ ಅಮೆರಿಕದ ವಶದಲ್ಲಿದ್ದ, ಅಮೆರಿಕ ಸಾಕ್ಷಿ ಹೇಳಲು ಬಿಡಲಿಲ್ಲ. ಆರೋಪಿಯ ಪರ ಹೋಗಬಹುದಾದ ಸಾಕ್ಷ್ಯ ಸರ್ಕಾರಗಳ ಗುಟ್ಟಿನಿಂದಾಗಿ ಕೋರ್ಟಿಗೆ ಬರಲಿಲ್ಲ, ಕೆಳಗಿನ ಕೋರ್ಟ್ ಆ ಕೊರತೆಯನ್ನು ಸರಿಯಾಗಿ ತೂಗಲಿಲ್ಲ ಅಂತ 2004ರ ಮಾರ್ಚ್‌ನಲ್ಲಿ ಜರ್ಮನಿಯ ಫೆಡರಲ್ ಕೋರ್ಟ್ ತೀರ್ಪನ್ನೇ ರದ್ದು ಮಾಡಿತು. ಮರುವಿಚಾರಣೆಯಲ್ಲಿ 2005ರಲ್ಲಿ ಭಯೋತ್ಪಾದಕ ಸಂಘಟನೆಯ ಸದಸ್ಯತ್ವಕ್ಕೆ ಮಾತ್ರ 7 ವರ್ಷ. 2006ರ ನವೆಂಬರ್‌ನಲ್ಲಿ ಮತ್ತೆ ಫೆಡರಲ್ ಕೋರ್ಟ್, ಈ ಸಲ ವಿಮಾನಗಳಲ್ಲಿದ್ದ 246 ಜನರ ಕೊಲೆಗೆ ನೆರವು ಅಂತ ತೀರ್ಮಾನ. 2007ರ ಜನವರಿಯಲ್ಲಿ ಪುನಃ 15 ವರ್ಷ.

ಇಲ್ಲಿ ಎಡವೋದು ಎಲ್ಲಿ ಅಂದ್ರೆ, 2004ರ ರದ್ದತಿಯನ್ನು ನೋಡಿ "ಜರ್ಮನಿ ಬಿಟ್ಟುಬಿಟ್ಟಿತು" ಅಂತ ಬರೆದುಬಿಡ್ತಾರೆ. ಬಿಡಲಿಲ್ಲ. ಮಾಮೂಲಿ ಕೋರ್ಟಿನ ದಾರಿ ಹಿಡಿದದ್ದರಿಂದ ನಾಲ್ಕು ವರ್ಷ ಹಿಡಿಯಿತು, ಆದರೆ ಅಂತಿಮ ಶಿಕ್ಷೆ ಬಂತು. ಇದರ ಪಕ್ಕಕ್ಕೆ 9/11ರ ಮುಖ್ಯ ಸಂಚುಗಾರ ಎನ್ನಲಾದ ಖಾಲಿದ್ ಶೇಖ್ ಮೊಹಮ್ಮದ್ ಪ್ರಕರಣ ಇಡಿ: 2003ರ ಮಾರ್ಚ್‌ನಲ್ಲಿ ಸಿಕ್ಕವನು, ಗ್ವಾಂಟನಾಮೊದ ಮಿಲಿಟರಿ ಆಯೋಗದಲ್ಲಿ ವಿಚಾರಣೆ ಮುಗಿದು ತೀರ್ಪು ಬಂದೇ ಇಲ್ಲ. ಹಿಂಸೆ ಕೊಟ್ಟು ಪಡೆದ ಹೇಳಿಕೆಗಳನ್ನು ಏನು ಮಾಡೋದು ಅನ್ನೋದೇ ಅಲ್ಲಿ ಬಹುಕಾಲದ ತಕರಾರು. ಹಾಗಂತ ಅಮೆರಿಕದಲ್ಲಿ ಎಲ್ಲವೂ ಮಿಲಿಟರಿ ಅಂತ ಹೇಳಬೇಡಿ. ವಿಮಾನದಲ್ಲಿ ಸ್ಫೋಟಿಸಲು ಬೂಟಿನಲ್ಲಿ ಬಾಂಬ್ ಇಟ್ಟುಕೊಂಡಿದ್ದ ರಿಚರ್ಡ್ ರೀಡ್‌ಗೆ 2003ರಲ್ಲಿ, 9/11ರ ಸಂಚಿನ ಆರೋಪಿ ಜಕಾರಿಯಾಸ್ ಮೂಸಾವಿಗೆ 2006ರಲ್ಲಿ ಜೀವಾವಧಿ ಕೊಟ್ಟದ್ದು ಸಾಮಾನ್ಯ ಫೆಡರಲ್ ಕೋರ್ಟುಗಳೇ.

ಸಮಯ ಉಳಿದರೆ ಇನ್ನೊಂದು. ಅಪಹೃತ ವಿಮಾನವನ್ನು ಹೊಡೆದುರುಳಿಸಲು ಅನುಮತಿ ಕೊಡುವ ಕಾಯ್ದೆಯ ಭಾಗವನ್ನು 2006ರ ಫೆಬ್ರುವರಿ 15ರಂದು ಜರ್ಮನಿಯ ಸಂವಿಧಾನ ನ್ಯಾಯಾಲಯ ತೆಗೆದುಹಾಕಿತು. ನೆಲದ ಮೇಲಿನವರನ್ನು ಉಳಿಸಲು ಒಳಗಿರುವ ನಿರಪರಾಧಿ ಪ್ರಯಾಣಿಕರನ್ನು ಸಾಧನದಂತೆ ಬಳಸುವುದು ಮಾನವ ಘನತೆಗೆ ವಿರುದ್ಧ ಅನ್ನೋದು ಕಾರಣ. 9/11ರ ಬೆಳಿಗ್ಗೆ ಅಮೆರಿಕದ ಉಪಾಧ್ಯಕ್ಷ ಚೇನಿ ಅಂಥದೇ ಅನುಮತಿ ಕೊಟ್ಟಿದ್ದರು, ಅಷ್ಟರಲ್ಲಿ ನಾಲ್ಕೂ ವಿಮಾನ ಬಿದ್ದಾಗಿತ್ತು. ಇದಕ್ಕಿಂತ ಸ್ಪಷ್ಟ ವ್ಯತ್ಯಾಸ ನನಗೆ ಬೇರೆಲ್ಲೂ ಕಂಡಿಲ್ಲ.

ಉತ್ತರ 3

ಒಂದೇ ವಿಷಯ: "ಯುರೋಪ್" ಅಂತ ಒಟ್ಟಾಗಿ ಬರೆಯಬೇಡಿ. 2003ರ ಇರಾಕ್ ಯುದ್ಧಕ್ಕೆ ಫ್ರಾನ್ಸ್, ಜರ್ಮನಿ ವಿರೋಧ. ಬ್ರಿಟನ್, ಸ್ಪೇನ್, ಇಟಲಿ, ಪೋಲೆಂಡ್ ಸರ್ಕಾರಗಳು ಪರ. ಇರಾಕಿಗೆ ವಿರೋಧ ಅಂದಿದ್ದ ಫ್ರಾನ್ಸೇ ಮನೆಯೊಳಗೆ ಬಹಳ ಬಿಗಿ. 1986ರಿಂದಲೇ ಭಯೋತ್ಪಾದನಾ ಪ್ರಕರಣಗಳು ಪ್ಯಾರಿಸ್‌ನ ವಿಶೇಷ ಮ್ಯಾಜಿಸ್ಟ್ರೇಟರ ಕೈಯಲ್ಲಿ, ಸಂಚಿನಲ್ಲಿ ಪಾಲ್ಗೊಂಡದ್ದಷ್ಟಕ್ಕೇ 1996ರಿಂದ ಪ್ರತ್ಯೇಕ ಅಪರಾಧ. ಬ್ರಿಟನ್ನಿನಲ್ಲಿ ಪ್ರಧಾನಿ ಬ್ಲೇರ್ ಆರೋಪಪಟ್ಟಿ ಇಲ್ಲದೆ 90 ದಿನ ಹಿಡಿದಿಡಲು ಕೇಳಿ 2005ರ ನವೆಂಬರ್ 9ರಂದು 322–291ರಲ್ಲಿ ಸೋತರು. ಆದರೂ 28 ದಿನ ಸಿಕ್ಕಿತು. ಮನೆಯೊಳಗಿನ ಪೊಲೀಸ್ ಅಧಿಕಾರವನ್ನಷ್ಟೇ ಅಳೆದರೆ ಯುರೋಪ್ ಸಡಿಲ ಅನ್ನೋ ಮಾತು ನಿಲ್ಲೋದಿಲ್ಲ.

ಉತ್ತರ 4 (ಅಂಕಿಅಂಶ)

ಅತಿ ಹೆಚ್ಚು ಜನ ಜಾರುವುದು ಇಲ್ಲಿ. ಯುರೋಪಿಯನ್ ಒಕ್ಕೂಟದ ಪೊಲೀಸ್ ಸಹಕಾರ ಸಂಸ್ಥೆ ಯುರೋಪೋಲ್ 2007ರಿಂದ ಪ್ರತಿವರ್ಷ ಭಯೋತ್ಪಾದನೆ ಕುರಿತು ಟಿಇ-ಸ್ಯಾಟ್ ಎಂಬ ವರದಿ ತರುತ್ತದೆ. ಮೊದಲ ವರದಿಯಲ್ಲಿ 2006ಕ್ಕೆ 498 ದಾಳಿ ಅಂತ ಇದೆ. ಅದನ್ನು ಹಾಗೇ ಎತ್ತಿ, ಯುರೋಪಿನಲ್ಲಿ ಅಮೆರಿಕಕ್ಕಿಂತ ನೂರಾರು ಪಟ್ಟು ಹೆಚ್ಚು ದಾಳಿ ಅಂತ ಬರೆದರೆ ಪರೀಕ್ಷಕರು ಅಲ್ಲೇ ನಿಲ್ಲಿಸುತ್ತಾರೆ. ಆ 498ರಲ್ಲಿ ಬಹುಪಾಲು ಕೋರ್ಸಿಕಾ ಮತ್ತು ಬಾಸ್ಕ್ ಪ್ರತ್ಯೇಕತಾವಾದಿಗಳದ್ದು, ಹೆಚ್ಚಿನವು ಆಸ್ತಿಗೆ ಅಲ್ಪ ಹಾನಿ ಮಾಡಿದಂಥವು. ಜೊತೆಗೆ ಟಿಇ-ಸ್ಯಾಟ್ ನಡೆದದ್ದು, ವಿಫಲವಾದದ್ದು, ತಡೆದದ್ದು ಮೂರನ್ನೂ ಕೂಡಿಸುತ್ತದೆ, ಅದೂ ಸದಸ್ಯ ದೇಶಗಳು ಕಳಿಸಿದ ಲೆಕ್ಕ.

ಅಟ್ಲಾಂಟಿಕ್‌ನ ಎರಡೂ ದಡ ಹೋಲಿಸಬೇಕಾದರೆ ಎರಡಕ್ಕೂ ಒಂದೇ ಮೂಲ ಬಳಸಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೋಬಲ್ ಟೆರರಿಸಂ ಡೇಟಾಬೇಸ್ 1970ರಿಂದ ಇದೆ. ಅದರಲ್ಲಿ 1993ರ ದಾಖಲೆ ಕಳೆದುಹೋಗಿದೆ, ಗ್ರಾಫ್ ಎಳೆದರೆ ಆ ವರ್ಷ ತಗ್ಗು ಕಾಣುತ್ತದೆ. ಗೆರೆಯನ್ನು ಅಲ್ಲಿ ತುಂಡು ಮಾಡಿ, ಕೆಳಗೆ ಒಂದು ಸಾಲಿನ ವಿವರಣೆ ಹಾಕಿ. ದಾಳಿಗಳ ಸಂಖ್ಯೆ ಬೇರೆ, ಸತ್ತವರ ಸಂಖ್ಯೆ ಬೇರೆ, ಎರಡಕ್ಕೂ ಬೇರೆ ಬೇರೆ ಚಿತ್ರ ಬೇಕು.

ಉತ್ತರ 5 (ದತ್ತಾಂಶ ರಕ್ಷಣೆ)

ವಿಮಾನ ಪ್ರಯಾಣಿಕರ ಮಾಹಿತಿಯ ವಿಷಯಕ್ಕೆ ಒಂದು ಪುಟ ಕೊಡಿ. 2004ರ ಒಪ್ಪಂದದಲ್ಲಿ ಯುರೋಪಿನ ವಿಮಾನ ಸಂಸ್ಥೆಗಳು ಪ್ರತಿ ಪ್ರಯಾಣಿಕರ 34 ಬಗೆಯ ಮಾಹಿತಿ ಅಮೆರಿಕಕ್ಕೆ ಕೊಡಬೇಕಿತ್ತು, ಇಟ್ಟುಕೊಳ್ಳುವ ಅವಧಿ ಮೂರೂವರೆ ವರ್ಷ. 2006ರ ಮೇ 30ರಂದು ಯುರೋಪಿಯನ್ ನ್ಯಾಯಾಲಯ ಅದನ್ನು ರದ್ದು ಮಾಡಿತು. ಖಾಸಗಿತನದ ಉಲ್ಲಂಘನೆಗೆ ರದ್ದಾಯಿತು ಅಂತ ಬಹಳ ಕಡೆ ಬರೆದಿರುತ್ತಾರೆ, ಅದು ತಪ್ಪು. ಆರಿಸಿಕೊಂಡ ಕಾನೂನಿನ ಆಧಾರ ಸರಿಯಿಲ್ಲ ಅನ್ನೋದೊಂದೇ ಕಾರಣ. ಪರಿಣಾಮವೂ ತಿರುವುಮುರುವು: 2007ರ ಹೊಸ ಒಪ್ಪಂದದಲ್ಲಿ ಮಾಹಿತಿಯನ್ನು 19 ಗುಂಪು ಮಾಡಿದರು, ಇಟ್ಟುಕೊಳ್ಳುವ ಅವಧಿ ಮಾತ್ರ 15 ವರ್ಷಕ್ಕೆ ಏರಿತು. 2016ರಲ್ಲಿ ಯುರೋಪ್ ತಾನೇ ಇಂಥ ವ್ಯವಸ್ಥೆ ತಂದಿತು, ಅವಧಿ 5 ವರ್ಷ, 6 ತಿಂಗಳಾದ ಮೇಲೆ ಹೆಸರು ಮರೆಮಾಡಬೇಕು.

ಬ್ಯಾಂಕುಗಳ ನಡುವೆ ಹಣ ವರ್ಗಾವಣೆ ಸಂದೇಶ ಸಾಗಿಸುವ ಸ್ವಿಫ್ಟ್ ಜಾಲದ ಮಾಹಿತಿಯದೂ ಇದೇ ಜಾಡು. ಅದನ್ನು ಅಮೆರಿಕಕ್ಕೆ ಕೊಡುವ ಒಪ್ಪಂದವನ್ನು 2010ರ ಫೆಬ್ರುವರಿಯಲ್ಲಿ ಯುರೋಪಿಯನ್ ಸಂಸತ್ತು 378–196ರಲ್ಲಿ ತಿರಸ್ಕರಿಸಿತು. ಅಮೆರಿಕದ ಕೋರಿಕೆಗಳನ್ನು ಯುರೋಪೋಲ್ ಪರಿಶೀಲಿಸಬೇಕು ಅನ್ನೋ ಷರತ್ತು ಸೇರಿಸಿದ ಮೇಲೆ ಜುಲೈನಲ್ಲಿ ಒಪ್ಪಿತು. ಧೋರಣೆ ಬೇರೆ ಇದ್ದರೂ ಕೆಲಸ ನಿಲ್ಲಲಿಲ್ಲ, ನಿಯಮ ಬದಲಾಯಿತು ಅನ್ನೋದಕ್ಕೆ ಒಳ್ಳೆಯ ಉದಾಹರಣೆ.

ಕೇಳಿದವರು: ತುಂಬಾ ಉಪಕಾರ ಆಯ್ತು. 2004ರ ಮ್ಯಾಡ್ರಿಡ್ ರೈಲು ಬಾಂಬ್ ದಾಳಿ ಆದ ತಕ್ಷಣ ಸ್ಪೇನ್ ಜನ ಹೆದರಿ ಸರ್ಕಾರ ಬದಲಿಸಿದರು ಅಂತ ಬರೆಯಬಹುದಾ? ಕರ್ನಾಟಕದ ಸಂಬಂಧ ಏನಾದರೂ ಇದೆಯಾ ಅಂತಾನೂ ಮಾರ್ಗದರ್ಶಕರು ಕೇಳಿದ್ದಾರೆ.

ಉತ್ತರ 1ರವರೇ ಮತ್ತೆ

ಹಾಗೆ ಬರೆಯಬೇಡಿ. 2004ರ ಮಾರ್ಚ್ 11ರಂದು ಬಾಂಬ್, 14ರಂದು ಚುನಾವಣೆ. ನಡುವಿನ ಮೂರು ದಿನ ಪ್ರಧಾನಿ ಅಸ್ನಾರ್ ಸರ್ಕಾರ ಇಟಿಎ ಕಡೆಗೇ ಬೊಟ್ಟು ಮಾಡುತ್ತಿತ್ತು, ಸುಳಿವು ಬೇರೆ ಕಡೆ ಹೋಗುತ್ತಿತ್ತು. ಸತ್ಯ ಮುಚ್ಚಿಡುತ್ತಿದ್ದಾರೆ ಅಂತ ಜನ ಬೀದಿಗೆ ಬಂದರು. ಮೊದಲಿಂದಲೂ ಇರಾಕ್ ಯುದ್ಧಕ್ಕೆ ಅಲ್ಲಿನ ಜನರ ವಿರೋಧ ಇತ್ತು. ಅಮೆರಿಕದಲ್ಲಿ ಹಲವರು ಇದನ್ನು ಶರಣಾಗತಿ ಅಂತ ಓದಿದರು, ಸ್ಪೇನಿನಲ್ಲಿ ಅನೇಕರು ಸುಳ್ಳಿಗೆ ಕೊಟ್ಟ ಶಿಕ್ಷೆ ಅಂತ ಓದಿದರು. ಒಂದೇ ಘಟನೆಗೆ ಎರಡು ದಡದ ಎರಡು ಓದು, ನಿಮ್ಮ ವಿಷಯವೇ ಅದು. ಎರಡನ್ನೂ ಕೊಡಿ.

ಕರ್ನಾಟಕದ ಕೊಂಡಿ ಇದೆ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದವನು ಬೆಂಗಳೂರಿನ ಎಂಜಿನಿಯರ್. ಅಂದು ಬ್ರಿಟನ್ ಅಪಾಯದ ಮಟ್ಟವನ್ನು ಐದರಲ್ಲಿ ಅತಿ ಮೇಲಿನ "ಕ್ರಿಟಿಕಲ್"ಗೆ ಏರಿಸಿ, ಜುಲೈ 4ಕ್ಕೆ ಇಳಿಸಿತು. ಅಪಾಯದ ಮಟ್ಟವನ್ನು ಬಣ್ಣಗಳಲ್ಲಿ ತೋರಿಸುತ್ತಿದ್ದ ಅಮೆರಿಕದ ಪಟ್ಟಿಯೂ ಐದು ಮೆಟ್ಟಿಲಿನದೇ, ಹಳದಿ ಅದರ ನಡುವಿನದು. 2002ರಿಂದ 2011ರವರೆಗೆ ಅದು ದೇಶದ ಮಟ್ಟದಲ್ಲಿ ಹಳದಿಗಿಂತ ಕೆಳಗೆ ಒಮ್ಮೆಯೂ ಇಳಿಯಲಿಲ್ಲ, ಕೊನೆಗೆ ಜನ ಅದನ್ನು ಗಮನಿಸುವುದನ್ನೇ ಬಿಟ್ಟರು, ಸರ್ಕಾರ ಕೈಬಿಟ್ಟಿತು. ಈ ಎರಡರ ಹೋಲಿಕೆಗೆ ಎರಡು ನಿಮಿಷ ಸಾಕು.

ಉಳಿದ ಸಮಯ ಹೀಗೆ ಹಂಚಿ: ದಿನಾಂಕಗಳ ಸ್ಲೈಡಿಗೆ 4 ನಿಮಿಷ, ಹ್ಯಾಂಬರ್ಗ್‌ಗೆ 6, ದತ್ತಾಂಶ ಒಪ್ಪಂದಗಳಿಗೆ 4, ಫ್ರಾನ್ಸ್–ಬ್ರಿಟನ್ ಅಪವಾದಕ್ಕೆ 4. "2015ರ ಪ್ಯಾರಿಸ್ ದಾಳಿಯ ನಂತರ ಫ್ರಾನ್ಸೂ ಯುದ್ಧ ಅಂದಿತಲ್ಲ?" ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಹೌದು, ಆಗಿನ ಅಧ್ಯಕ್ಷ ಒಲಾಂಡ್ ಹಾಗೇ ಅಂದರು, ತುರ್ತುಸ್ಥಿತಿ 2017ರ ನವೆಂಬರ್ 1ರವರೆಗೆ ನಡೆಯಿತು. ಆದರೆ ಫ್ರಾನ್ಸ್ ನೇಟೊದ 5ನೇ ವಿಧಿಯನ್ನು ಮುಟ್ಟಲಿಲ್ಲ, ದಾಳಿಗೆ ಗುರಿಯಾದ ಸದಸ್ಯ ದೇಶಕ್ಕೆ ಉಳಿದವರು ನೆರವಾಗಬೇಕು ಅನ್ನುವ ಯುರೋಪಿಯನ್ ಒಕ್ಕೂಟದ ಒಪ್ಪಂದದ 42.7ನೇ ವಿಧಿಯಡಿ ನೆರವು ಕೇಳಿತು.